ಕಿದ್ವಾಯಿ ನಗರದಲ್ಲಿ ಷಷ್ಠೀ ವಿಭಕ್ತಿ

ದೆಹಲಿಯ ದಕ್ಷಿಣ ಭಾಗದಲ್ಲಿ, ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗೂ ಐ.ಎನ್.ಎ. ಮಾರುಕಟ್ಟೆಗೂ ಅನತಿದೂರದಲ್ಲಿ, ಕಿದ್ವಾಯಿ ನಗರವೆಂಬ ಸರ್ಕಾರಿ ವಸತಿ ಪ್ರದೇಶವಿದೆ. ಪೂರ್ವ, ಪಶ್ಚಿಮ ಎಂದು ಅದಕ್ಕೆ ಎರಡು ಭಾಗಗಳು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯುವವರಿಗಾಗಿ ಕಟ್ಟಿದ ಅಲ್ಲಿನ ಮನೆಗಳಲ್ಲಿ ಭಾರತದ ಅನೇಕ ಭಾಷೆಗಳು ಒಂದಲ್ಲ ಒಂದು ಕಾಲದಲ್ಲಿ ಬಿಡಾರ ಹೂಡಿವೆ, ಕನ್ನಡವೂ ಹೂಡಿದೆ. ಸ್ಥಳನಾಮಗಳನ್ನು ವ್ಯಾಕರಣದ ಕಣ್ಣಿನಿಂದ ನೋಡುವ ಅಭ್ಯಾಸವುಳ್ಳವರಿಗೆ ಈ ಹೆಸರಿನಲ್ಲಿಯೇ ಒಂದು ಪಾಠವಿದೆ. ಕನ್ನಡದಲ್ಲಿ ಯಾರೂ ಅದನ್ನು 'ಕಿದ್ವಾಯಿಯ ನಗರ' ಎನ್ನುವುದಿಲ್ಲ. ಹಿಂದಿಯಲ್ಲಿ 'ಕಿದ್ವಾಯಿ ಕಾ ನಗರ್' ಎನ್ನುವುದಿಲ್ಲ. ಇಂಗ್ಲಿಷಿನಲ್ಲಿ ಹೆಸರಿನ ನೆತ್ತಿಯ ಮೇಲೆ ಅಪಾಸ್ಟ್ರಫಿಯೆಂಬ ಆ ಪುಟ್ಟ ಕೊಕ್ಕೆಯನ್ನು ಇಡುವುದೂ ಇಲ್ಲ. ಮೂರು ಭಾಷೆಗಳೂ ಒಂದೇ ತೀರ್ಪನ್ನು ಕೊಟ್ಟಿವೆ. ಕಿದ್ವಾಯಿ ಎಂಬುದು ಇಲ್ಲಿ ಒಡೆಯನ ಹೆಸರಲ್ಲ, ಊರಿನ ಗುರುತು.

ರಫಿ ಅಹ್ಮದ್ ಕಿದ್ವಾಯಿಯವರ (1894–1954) ಜೀವನವನ್ನು ಬಲ್ಲವರಿಗೆ ಈ ತೀರ್ಪು ಸಾಧುವೆಂದೇ ತೋರುತ್ತದೆ. ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯವರಾದ ಅವರು ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರು. ಅನಂತರ ಆಹಾರ ಮತ್ತು ಕೃಷಿ ಸಚಿವರು. ಹಣ ಕಟ್ಟಿ ದೂರವಾಣಿಯನ್ನು ಸ್ವಂತ ಮಾಡಿಕೊಳ್ಳುವ ಯೋಜನೆ ಬಂದುದು ಅವರ ಕಾಲದಲ್ಲಿ. ಆಹಾರ ಧಾನ್ಯಗಳ ಮೇಲಿನ ನಿಯಂತ್ರಣವನ್ನು ಸಡಿಲಿಸಿದವರೆಂದೂ ಅವರಿಗೆ ಹೆಸರಿದೆ. ಅಷ್ಟೆಲ್ಲ ಅಧಿಕಾರವನ್ನು ಕಂಡವರು ತೀರಿಕೊಂಡಾಗ ಹುಟ್ಟೂರಿನ ಶಿಥಿಲವಾದ ಮನೆಯೊಂದನ್ನು ಬಿಟ್ಟರೆ ಆಸ್ತಿಯೆಂದು ಹೇಳಿಕೊಳ್ಳುವಂಥದೇನೂ ಉಳಿದಿರಲಿಲ್ಲ. ಕನ್ನಡಿಗರಿಗೆ ಈ ಹೆಸರು ಇನ್ನೊಂದು ಬಗೆಯಲ್ಲಿ ಪರಿಚಿತ. 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ, ಅವರ ಸ್ಮಾರಕವಾದ ಕ್ಯಾನ್ಸರ್ ಆಸ್ಪತ್ರೆಯಿಂದಾಗಿ 'ಕಿದ್ವಾಯಿಗೆ ಹೋಗಿದ್ದಾರೆ' ಎಂಬ ಮಾತನ್ನು ಹಳ್ಳಿಗಳಲ್ಲಿಯೂ ದನಿ ತಗ್ಗಿಸಿ ಆಡುತ್ತಾರೆ. ಒಬ್ಬ ಮನುಷ್ಯನ ಹೆಸರು ದೆಹಲಿಯಲ್ಲಿ ವಸತಿಯಾಯಿತು, ಬೆಂಗಳೂರಿನಲ್ಲಿ ರೋಗಿಗಳ ಕೊನೆಯ ಆಸೆಯಾಯಿತು. ಎರಡೂ ಕಡೆ ಷಷ್ಠೀ ಪ್ರತ್ಯಯ ಮಾತ್ರ ಇಲ್ಲ.

ಪೂರ್ವ ಕಿದ್ವಾಯಿ ನಗರದ ಮನೆಯೊಂದರಲ್ಲಿ ಸುಮಾರು ಇಪ್ಪತ್ತು ವರ್ಷ ಕಾಲ ವಾಸವಾಗಿದ್ದ ಕನ್ನಡ ಗೃಹಸ್ಥರೊಬ್ಬರು ಈ ಸಂಗತಿಯನ್ನು ಮೊದಲು ಗಮನಿಸಿದ್ದು ಪಾಂಡಿತ್ಯದ ಕಾರಣದಿಂದಲ್ಲ, ಮಗಳ ಕಾರಣದಿಂದ. ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1950ರ ದಶಕದಲ್ಲಿ ಓದಿದವರು; ಓದಿದ್ದು ಅರ್ಥಶಾಸ್ತ್ರವಾದರೂ ಒಲವು ಕನ್ನಡದ ಕಡೆಗೆ. ದೆಹಲಿಗೆ ಬಂದು ಸಚಿವಾಲಯದ ಗುಮಾಸ್ತಿಕೆಯಿಂದ ತೊಡಗಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದರು. ಬರುವಾಗ ಟ್ರಂಕಿನಲ್ಲಿ ತಂದ ನಾಲ್ಕಾರು ಪುಸ್ತಕಗಳಲ್ಲಿ ತೀ.ನಂ. ಶ್ರೀಕಂಠಯ್ಯನವರ 'ಕನ್ನಡ ಮಧ್ಯಮ ವ್ಯಾಕರಣ'ವೂ ಒಂದು. ಭಾನುವಾರ ಬೆಳಗ್ಗೆ ಸುತ್ತಮುತ್ತಲಿನ ಕನ್ನಡ ಮಕ್ಕಳನ್ನು ಕೂಡಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದುದರಿಂದ ನೆರೆಯವರು ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಧಾರವಾಡದ ಮಕ್ಕಳು 'ನಮ್ಮ ಮನಿ' ಎಂದರೆ ಮೈಸೂರಿನ ಮಕ್ಕಳು ನಗುತ್ತಿದ್ದರು. ಎರಡೂ ಸರಿಯೆಂದು ಹೇಳಿ ಸಮಾಧಾನಪಡಿಸುವುದು ಮೇಷ್ಟ್ರ ವಾರದ ಕರ್ತವ್ಯಗಳಲ್ಲಿ ಒಂದಾಗಿತ್ತು.

1983ರ ಚಳಿಗಾಲದ ಒಂದು ಸಂಜೆ, ಹತ್ತು ವರ್ಷದ ಮಗಳು ಶಾಲೆಯ ಕರಕುಶಲ ತರಗತಿಯಲ್ಲಿ ಮಾಡಿದ ರಟ್ಟಿನ ಫಲಕವೊಂದನ್ನು ತಂದಳು. ಬಣ್ಣದ ಹೂಬಳ್ಳಿಯ ನಡುವೆ ಇಂಗ್ಲಿಷಿನಲ್ಲಿ 'ಮೈ ಫಾದರ್ಸ್ ಹೌಸ್' ಎಂದು ಬರೆದಿತ್ತು. ಅಪಾಸ್ಟ್ರಫಿ ಮಾತ್ರ ಇರಲಿಲ್ಲ. ಅಪ್ಪ ಕೆಂಪು ಪೆನ್ಸಿಲನ್ನು ತೆಗೆದುಕೊಂಡು ಕೊಕ್ಕೆ ಎಲ್ಲಿ ಬರಬೇಕೆಂದು ಕೇಳಿದರು. ಅವಳು ಸರಿಯಾಗಿ ತೋರಿಸಿದಳು. ಅಲ್ಲಿಗೆ ಪಾಠ ಮುಗಿಯಬೇಕಾಗಿತ್ತು. ಆದರೆ ನಿಖರತೆಯ ಚಟವುಳ್ಳ ಅವರು ಒಂದು ಮಾತನ್ನು ಹೆಚ್ಚಾಗಿ ಆಡಿದರು: "ಆದರೆ ಮಗು, ಇದು ಅಪ್ಪನ ಮನೆ ಅಲ್ಲ. ಇದು ಸರ್ಕಾರಿ ಮನೆ."

"ಸರ್ಕಾರದ ಮನೇನಾ?"

"ಸರ್ಕಾರದ ಮನೆ ಅಂದರೆ ಸರ್ಕಾರ ಬಂದು ಅದರಲ್ಲಿ ಇದ್ದ ಹಾಗೆ ಆಯಿತು. ಇದು ಸರ್ಕಾರಿ ಮನೆ, ಗವರ್ನ್‌ಮೆಂಟ್ ಕ್ವಾರ್ಟರ್ಸು. ಅಲ್ಲಿ ಅಪಾಸ್ಟ್ರಫಿ ಬರೋದಿಲ್ಲ."

ಹುಡುಗಿ ಫಲಕವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಹಾಗಾದರೆ ನಮ್ಮ ಮನೆ ಯಾವುದು ಅಪ್ಪ?"

ಅವರು ಉತ್ತರಕ್ಕಾಗಿ ತಡಕಾಡುತ್ತಿದ್ದಾಗ ಅಡುಗೆಮನೆಯಿಂದ ಹೆಂಡತಿಯ ಮಾತು ಕೇಳಿಸಿತು: "ಮಗು ಕೇಳಿದ್ದು ವ್ಯಾಕರಣ ಅಲ್ಲ ರೀ."

ಆ ರಾತ್ರಿ ಅವರು ಹೊಸ ನೋಟುಪುಸ್ತಕವೊಂದನ್ನು ತೆಗೆದು ಮೂರು ಅಂಕಣಗಳನ್ನು ಎಳೆದರು. ಮೊದಲನೆಯದರ ಶೀರ್ಷಿಕೆ 'ಯಾರದು?', ಎರಡನೆಯದು 'ಎಂಥದು?', ಮೂರನೆಯದಕ್ಕೆ ಶೀರ್ಷಿಕೆಯನ್ನು ಬರೆಯಲಿಲ್ಲ. ಇಂಗ್ಲಿಷಿನ ಸಂಬಂಧಸೂಚಕ ನಾಮಗಳನ್ನೂ ವಿಶೇಷಣವಾಗಿ ನಿಲ್ಲುವ ನಾಮಗಳನ್ನೂ ಬೇರ್ಪಡಿಸುವುದಕ್ಕೆ ಇದಕ್ಕಿಂತ ಸುಲಭವಾದ ಒರೆಗಲ್ಲು ಇಲ್ಲವೆಂದು ಅವರ ನಂಬಿಕೆ. ಯಾರದು ಎಂಬ ಪ್ರಶ್ನೆಗೆ ಉತ್ತರವಾಗುವ ನಾಮಪದಕ್ಕೆ ಕೊಕ್ಕೆ ಬೇಕು. ಎಂಥದು ಎಂಬುದಕ್ಕೆ ಉತ್ತರವಾಗುವುದಕ್ಕೆ ಬೇಡ. ಹುಡುಗನ ಷೂ ಎಂಬಲ್ಲಿ ಹುಡುಗನಿಗೆ ಕೊಕ್ಕೆಯುಂಟು. ಷೂ ಅಂಗಡಿ ಎಂಬಲ್ಲಿ ಷೂವಿಗೆ ಇಲ್ಲ. ಹೀಗೆ ವಿಶೇಷಣವಾಗಿ ನಿಂತ ನಾಮಪದ ಸಾಮಾನ್ಯವಾಗಿ ಏಕವಚನದಲ್ಲಿಯೇ ಇರುತ್ತದೆ. ಬಾಯಿಯ ಮೂವತ್ತೆರಡು ಹಲ್ಲುಗಳನ್ನು ಉಜ್ಜಿದರೂ ಅದು 'ಟೂತ್ ಬ್ರಷ್' ಮಾತ್ರ, 'ಟೀತ್ ಬ್ರಷ್' ಅಲ್ಲ.

ಆದರೆ ಅಂಕಣಗಳು ತುಂಬುತ್ತ ಬಂದಂತೆ ಒರೆಗಲ್ಲು ಸವೆಯತೊಡಗಿತು. ಅವರ ಕಚೇರಿಯಲ್ಲಿಯೇ 'ಅಕೌಂಟ್ಸ್ ಆಫೀಸರ್' ಇದ್ದರು. ಸಂಬಳ ಸೇರುತ್ತಿದ್ದುದು 'ಸೇವಿಂಗ್ಸ್ ಬ್ಯಾಂಕ್' ಖಾತೆಗೆ. ಇಲ್ಲಿ ಬಹುವಚನವಿದೆ, ಕೊಕ್ಕೆಯಿಲ್ಲ. 'ಚಿಲ್ಡ್ರನ್ಸ್ ಪಾರ್ಕ್', 'ವಿಮೆನ್ಸ್ ಹಾಸ್ಟೆಲ್' ಮೊದಲಾದವು ಇನ್ನೊಂದು ಬಗೆಯವು. ಉದ್ಯಾನ ಮಕ್ಕಳ ಆಸ್ತಿಯಲ್ಲ. ಎಂಥ ಉದ್ಯಾನವೆಂಬುದನ್ನಷ್ಟೇ ಹೆಸರು ತಿಳಿಸುತ್ತದೆ. ಆದರೂ ಆ ಶಬ್ದಗಳ ಬಹುವಚನ ಎಸ್ ಅಕ್ಷರದಿಂದ ಆಗುವುದಿಲ್ಲವಾದ್ದರಿಂದ ಅಲ್ಲಿ ಕೊಕ್ಕೆಯನ್ನು ಕೈಬಿಡುವಂತಿಲ್ಲ. ರಜೆಯ ಅರ್ಜಿ ಮತ್ತೊಂದು ತೊಡಕು. ನಾಲ್ಕು ದಿನದ ರಜೆಯನ್ನು ಇಂಗ್ಲಿಷಿನಲ್ಲಿ ಎರಡು ವಿಧವಾಗಿ ಬೇಡಬಹುದು. ದಿನಗಳನ್ನು ಬಹುವಚನದಲ್ಲಿಟ್ಟರೆ ಕೊಕ್ಕೆ ಕೊನೆಯಲ್ಲಿ ಬರಬೇಕು. ಏಕವಚನದಲ್ಲಿಟ್ಟು ಅಂಕಿಗೆ ಕೂಡುಗೆರೆ ಹಾಕಿದರೆ ಕೊಕ್ಕೆಯೇ ಬೇಡ. ಅರ್ಜಿದಾರನಿಗೆ ಸಿಗುವ ರಜೆ ಎರಡರಲ್ಲಿಯೂ ಅಷ್ಟೇ. ಇನ್ನು ಸೆಪ್ಟೆಂಬರ್ 5ರ 'ಟೀಚರ್ಸ್ ಡೇ' ಶಿಕ್ಷಕರದೋ, ಶಿಕ್ಷಕರಿಗೆ ಸಂಬಂಧಿಸಿದ್ದೋ ಎಂಬುದು ಕಿವಿಗೆ ತಿಳಿಯುವುದೇ ಇಲ್ಲ. ಇಂಗ್ಲಿಷಿನ ಈ ಒಡೆತನದ ಜಗಳವೆಲ್ಲ ಬಹುಮಟ್ಟಿಗೆ ಕಾಗದದ ಮೇಲಿನದು. ಬಾಯಲ್ಲಿ ಆಡಿದಾಗ, ಅಥವಾ ಕನ್ನಡ ಲಿಪಿಯಲ್ಲಿ ಬರೆದಾಗ, ಕೊಕ್ಕೆ ಮಾಯವಾಗುತ್ತದೆ.

ಇಂಗ್ಲಿಷಿನ ನೆಲದಲ್ಲಿಯೂ ಈ ಜಗಳ ಇತ್ಯರ್ಥವಾದಂತಿಲ್ಲ. ಲಂಡನ್ನಿನ ಸುರಂಗ ರೈಲಿನಲ್ಲಿ ಒಂದರ ಪಕ್ಕಕ್ಕೆ ಒಂದಿರುವ ಎರಡು ನಿಲ್ದಾಣಗಳಲ್ಲಿ ಅರ್ಲ್ಸ್ ಕೋರ್ಟಿಗೆ ಕೊಕ್ಕೆಯುಂಟು, ಬ್ಯಾರನ್ಸ್ ಕೋರ್ಟಿಗೆ ಇಲ್ಲ. ಅಮೆರಿಕದಲ್ಲಿ 1890ರಲ್ಲಿ ಸ್ಥಾಪಿತವಾದ ಭೌಗೋಳಿಕ ನಾಮಗಳ ಮಂಡಳಿಯು ಊರು, ಬೆಟ್ಟ, ಹೊಳೆಗಳ ಹೆಸರುಗಳಿಂದ ಈ ಚಿಹ್ನೆಯನ್ನು ದೂರವಿಟ್ಟಿತು. ಸ್ಥಳನಾಮವಾದ ಮೇಲೆ ಶಬ್ದಗಳು ಕೂಡಿ ಒಂದೇ ಹೆಸರಾಗುತ್ತವೆ, ಒಡೆತನವನ್ನು ಸೂಚಿಸುವ ಅಗತ್ಯ ಆಮೇಲೆ ಉಳಿಯುವುದಿಲ್ಲ ಎಂಬುದು ಅದರ ವಾದ. 1933ರಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪಕ್ಕೆ ವಿನಾಯಿತಿ ದೊರೆಯಿತು. ಅಂಥ ವಿನಾಯಿತಿಗಳು ಬೆರಳೆಣಿಕೆಯವು.

ಕನ್ನಡದ ಕಡೆಗೆ ತಿರುಗಿದಾಗ ಮೇಷ್ಟ್ರಿಗೆ ತಮ್ಮ ಮನೆಯ ಪುಸ್ತಕವೇ ಹೊಸದಾಗಿ ಕಾಣಿಸಿತು. ಕೇಶಿರಾಜನು ಹದಿಮೂರನೆಯ ಶತಮಾನದ ತನ್ನ 'ಶಬ್ದಮಣಿದರ್ಪಣ'ದಲ್ಲಿ ಹೇಳಿದ ಏಳು ವಿಭಕ್ತಿ ಪ್ರತ್ಯಯಗಳಲ್ಲಿ ಷಷ್ಠಿಯ 'ಅ' ಎಂಬುದು ಅತ್ಯಂತ ಹ್ರಸ್ವವಾದುದು. ಅದರ ಸ್ವಭಾವವೂ ಉಳಿದವುಗಳಂತಲ್ಲ. ಉಳಿದ ವಿಭಕ್ತಿಗಳು ನಾಮಪದವನ್ನು ಕ್ರಿಯಾಪದದೊಡನೆ ಬೆಸೆಯುತ್ತವೆ; ಷಷ್ಠಿಯಾದರೋ ನಾಮಪದವನ್ನು ಇನ್ನೊಂದು ನಾಮಪದದೊಡನೆ ಬೆಸೆಯುತ್ತದೆ. ಆದುದರಿಂದಲೇ ಸಂಸ್ಕೃತ ವ್ಯಾಕರಣದಲ್ಲಿ ಷಷ್ಠಿಗೆ ಕಾರಕವೆಂಬ ಪದವಿಯಿಲ್ಲ. ಬೇರೆಲ್ಲಿಯೂ ಸೇರದೆ ಉಳಿದ ಸಂಬಂಧಗಳಿಗೆ ಪಾಣಿನಿಯು ಅದನ್ನು ವಿಧಿಸಿದನು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದ ಡಿ.ಎನ್. ಶಂಕರ ಭಟ್ಟರಂಥ ಭಾಷಾವಿಜ್ಞಾನಿಗಳೂ ಷಷ್ಠಿಯ ಈ ಪ್ರತ್ಯೇಕತೆಯನ್ನು ಎತ್ತಿ ತೋರಿಸಿದ್ದಾರೆ. ಒಡೆತನ ಎಂಬುದು ಆ ಉಳಿಕೆಯ ಸಂಬಂಧಗಳಲ್ಲಿ ಒಂದು ಮಾತ್ರ.

ಕನ್ನಡದ ಷಷ್ಠಿಯು ಯಾರದು ಎಂಬುದಕ್ಕೂ ಎಂಥದು ಎಂಬುದಕ್ಕೂ ಒಂದೇ ಮುಖದಿಂದ ಉತ್ತರ ಕೊಡುತ್ತದೆ. ಮರದ ಕೊಂಬೆ ಮರಕ್ಕೆ ಸೇರಿದುದು. ಮರದ ಕುರ್ಚಿ ಮರದಿಂದ ಆದುದು. ಪ್ರತ್ಯಯ ಒಂದೇ. ಪಕ್ಕದ ಮನೆಯ ಹಾಲು, ಹಾಲಿನ ಪಾತ್ರೆ, ನಾಲ್ಕು ದಿನದ ರಜೆ ಎಲ್ಲವೂ ಅದರ ಆಶ್ರಯದಲ್ಲಿಯೇ ನಿಲ್ಲುತ್ತವೆ. ನೆರೆಯ ಹಿಂದಿಯಲ್ಲಿ ಸೇರಿದ ವಸ್ತುವಿನ ಲಿಂಗಕ್ಕೆ ಅನುಗುಣವಾಗಿ ಪ್ರತ್ಯಯವೇ ಬದಲಾಗುತ್ತದೆ: ಲಡ್ಕೇ ಕಾ ಘರ್, ಲಡ್ಕೇ ಕೀ ಕಿತಾಬ್. ಅಲ್ಲಿ ಒಡೆಯನು ವಸ್ತುವಿಗೆ ತಲೆಬಾಗುತ್ತಾನೆ. ಕನ್ನಡದಲ್ಲಿ ಹುಡುಗನ ಮನೆಯೂ ಹುಡುಗನ ಪುಸ್ತಕವೂ ಒಂದೇ ಸಮ. ಇನ್ನು ಇಂಗ್ಲಿಷಿನ 'ಹ್ಯಾವ್' ಎಂಬುದಕ್ಕೆ ಸಮನಾದ ಕ್ರಿಯಾಪದ ಕನ್ನಡದ ದಿನಬಳಕೆಯಲ್ಲಿಲ್ಲ. 'ನನಗೆ ಇಬ್ಬರು ಮಕ್ಕಳು', 'ನನ್ನ ಹತ್ತಿರ ದುಡ್ಡಿದೆ' ಎನ್ನುತ್ತೇವೆ. ಮಕ್ಕಳಿಗೆ ಚತುರ್ಥಿ, ದುಡ್ಡಿಗೆ ಹತ್ತಿರ. ದುಡ್ಡು ಇಂದು ಹತ್ತಿರವಿದ್ದು ನಾಳೆ ದೂರವಾಗಬಹುದು ಎಂಬುದನ್ನು ಭಾಷೆ ಮೊದಲೇ ಬಲ್ಲಂತಿದೆ.

ಪ್ರತ್ಯಯವು ಲೋಪವಾಗಿ ಪದಗಳು ಸಮಾಸವಾದಾಗ ಆಗುವ ಅರ್ಥವ್ಯತ್ಯಾಸ ಮೇಷ್ಟ್ರಿಗೆ ಇನ್ನೂ ಪ್ರಿಯವಾದ ವಿಷಯ. ಕಣ್ಣಿನ ಹನಿ ವೈದ್ಯರು ಬರೆದುಕೊಟ್ಟ ಔಷಧವೂ ಆಗಬಹುದು, ಕಂಬನಿ ಅಳುವವನದೇ. ಮಳೆಯ ಕಾಲವು ಮಳೆಗಾಲವಾದಾಗ, ಒಂದು ಹನಿ ಬೀಳದ ವರ್ಷದಲ್ಲಿಯೂ ಅದು ಮಳೆಗಾಲವೇ. ಎಲ್ಲಕ್ಕಿಂತ ಮಿಗಿಲಾದ ಉದಾಹರಣೆ ಅರಮನೆ. ಅರಸನ ಮನೆ ಎಂದರೆ ಅರಸನಿರಬೇಕು. ಅವನು ಗುಡಿಸಲಿನಲ್ಲಿದ್ದರೆ ಗುಡಿಸಲೂ ಅರಸನ ಮನೆಯೇ. ಅರಮನೆಗೆ ಅರಸನು ಬೇಕಾಗಿಲ್ಲ. 1971ರಲ್ಲಿ ರಾಜಧನವೂ ಅರಸುಪದವಿಯ ಮಾನ್ಯತೆಯೂ ರದ್ದಾದಾಗ ಮೈಸೂರಿನ ಅರಮನೆಯ ಹೆಸರಿನಿಂದ ಒಂದು ಅಕ್ಷರವೂ ಬೀಳಲಿಲ್ಲ. ಅವರು ಓದಿದ ಕಾಲೇಜಿನ ಸಂಗತಿಯೂ ಹಾಗೆಯೇ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಶಾಲೆಯಾಗಿ ಆರಂಭವಾಗಿ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ತೆಕ್ಕೆಗೆ ಬಂದ ಆ ವಿದ್ಯಾಲಯವು ಇಂಗ್ಲಿಷಿನಲ್ಲಿ ಇಂದಿಗೂ ಕೊಕ್ಕೆಸಹಿತವಾದ 'ಮಹಾರಾಜಾಸ್ ಕಾಲೇಜ್'. ಕನ್ನಡದಲ್ಲಿ ಬರಿಯ 'ಮಹಾರಾಜ ಕಾಲೇಜು'. ಅಲ್ಲಿ ಇಂಗ್ಲಿಷನ್ನು ಬೋಧಿಸಿದ ಬಿ.ಎಂ. ಶ್ರೀಕಂಠಯ್ಯನವರು ಆಂಗ್ಲ ಕವನಗಳನ್ನು ಕನ್ನಡಕ್ಕೆ ತಂದು 1926ರಲ್ಲಿ ಪ್ರಕಟಿಸಿದಾಗ ಅವುಗಳಿಗೆ 'ಇಂಗ್ಲಿಷ್ ಗೀತಗಳು' ಎಂದು ಹೆಸರಿಟ್ಟರು. 'ಇಂಗ್ಲಿಷಿನ ಗೀತಗಳು' ಎನ್ನಲಿಲ್ಲ. ಕನ್ನಡಕ್ಕೆ ಬಂದ ಮೇಲೆ ಅವು ಇಂಗ್ಲಿಷಿನವಲ್ಲ, ಇಂಗ್ಲಿಷ್ ಬಗೆಯವು ಎಂದು ಮೇಷ್ಟ್ರು ಭಾನುವಾರದ ಮಕ್ಕಳಿಗೆ ವಿವರಿಸುತ್ತಿದ್ದರು. ಅದು ಹೆಸರಿಟ್ಟವರ ಉದ್ದೇಶವೇ ಆಗಿತ್ತೆಂದು ಹೇಳುವ ಧೈರ್ಯವನ್ನು ಮಾತ್ರ ಅವರು ಮಾಡಲಿಲ್ಲ.

ಹಿತ್ತಿಲಿನ ಕುಂಡದಲ್ಲಿ ಹೆಂಡತಿ ಬೆಳೆಸಿದ್ದ ಮಲ್ಲಿಗೆಯ ಬಳ್ಳಿಯೊಂದಿತ್ತು. ಮೈಸೂರಿನಿಂದ ರೈಲಿನಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿಯಿಂದ ಚಿಗುರಿದುದು. ದೆಹಲಿಯ ಚಳಿಗೆ ಮುದುಡಿ, ಬಿಸಿಗಾಳಿಗೆ ಬಾಡಿ, ನಡುವೆ ಸಿಕ್ಕ ಕೆಲವು ವಾರಗಳಲ್ಲಿ ಹೂ ಬಿಡುತ್ತಿತ್ತು. ಕೆ.ಎಸ್. ನರಸಿಂಹಸ್ವಾಮಿಯವರ 1942ರ ಕವನ ಸಂಕಲನದ ಹೆಸರು 'ಮೈಸೂರ ಮಲ್ಲಿಗೆ', ಅಲ್ಲಿ ಷಷ್ಠಿಯಿದೆ. ಹೂವಿನ ಜಾತಿಯನ್ನು ಹೇಳುವಾಗ ಜನ 'ಮೈಸೂರು ಮಲ್ಲಿಗೆ' ಎನ್ನುತ್ತಾರೆ, ಷಷ್ಠಿಯಿಲ್ಲ. ಕಿದ್ವಾಯಿ ನಗರದ ಕುಂಡದಲ್ಲಿ ಅರಳಿದುದು ಮೈಸೂರಿನ ಮಲ್ಲಿಗೆಯಲ್ಲ, ಆದರೆ ಮೈಸೂರು ಮಲ್ಲಿಗೆ ಎಂಬುದರಲ್ಲಿ ಸಂದೇಹವಿರಲಿಲ್ಲ. ಮುಂದೆ ಭೌಗೋಳಿಕ ಗುರುತಿನ ಕಾನೂನು ಬಂದು ಆ ಹೆಸರು ಆ ಸೀಮೆಗೇ ಸೇರಿದ್ದೆಂದು ನೋಂದಣಿಯಾಯಿತು. ಕಾನೂನಿನ ಕಣ್ಣಿನಲ್ಲಿ ಎಂಥದು ಎಂಬುದು ಮತ್ತೆ ಯಾರದು ಎಂಬುದಾಯಿತು. ಬಳ್ಳಿಗೆ ಅದು ತಿಳಿಯಲಿಲ್ಲ.

ಮಗಳ ವಿಷಯದಲ್ಲಿ ಅವರನ್ನು ಕಾಡಿದ್ದು ಇದೇ ಭೇದ. ದೆಹಲಿಯಲ್ಲಿ ಹುಟ್ಟಿದ ಆ ಹುಡುಗಿ ಕನ್ನಡದ ಹುಡುಗಿಯೋ, ಕನ್ನಡ ಹುಡುಗಿಯೋ, ಕನ್ನಡಿಗರ ಹುಡುಗಿಯೋ? ಮೂರನೆಯದು ನಿಶ್ಚಯ, ಅದು ತಂದೆ ತಾಯಿಗಳ ವಿಷಯ. ಎರಡನೆಯದು ಅಭ್ಯಾಸದಿಂದ ಬರುವಂಥದು. ಮೊದಲನೆಯದನ್ನು ಯಾರೂ ಯಾರಿಗೂ ಕಲಿಸಲಾಗದು. ಭಾಷೆಯೇ ತನ್ನವಳೆಂದು ಒಪ್ಪಿಕೊಳ್ಳಬೇಕು. ನೆರೆಹೊರೆಯ ಅನೇಕ ಮನೆಗಳಲ್ಲಿ ಮಕ್ಕಳು ಕನ್ನಡವನ್ನು ಅರ್ಥ ಮಾಡಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವುದನ್ನು ಅವರು ನೋಡಿದ್ದರು. ಭಾನುವಾರದ ತರಗತಿ ಹತ್ತರಿಂದ ಆರಕ್ಕೆ, ಆರರಿಂದ ಮೂರಕ್ಕೆ ಇಳಿಯಿತು. ಕೊನೆಯ ಎರಡು ವರ್ಷ ವಿದ್ಯಾರ್ಥಿನಿ ಒಬ್ಬಳೇ, ಅವರ ಮಗಳು.

1994ರಲ್ಲಿ, ಐವತ್ತೆಂಟು ತುಂಬಿದಾಗ, ಅವರು ನಿವೃತ್ತರಾದರು. ಸರ್ಕಾರಿ ಮನೆಗೆ ಸಂಬಳದಿಂದ ಕಡಿತವಾಗುತ್ತಿದ್ದ ಹಣವನ್ನು ಬಾಡಿಗೆಯೆನ್ನದೆ ಲೈಸೆನ್ಸ್ ಫೀ ಎನ್ನುವುದು ಏಕೆಂದು ಆಗ ಅವರಿಗೆ ಪೂರ್ತಿಯಾಗಿ ತಿಳಿಯಿತು. ಬಾಡಿಗೆದಾರನಿಗೆ ಅಲ್ಪಸ್ವಲ್ಪ ಹಕ್ಕಾದರೂ ಇರುತ್ತದೆ; ಅನುಮತಿ ಪಡೆದವನಿಗೆ ಅನುಮತಿಯ ಅವಧಿ ಮಾತ್ರ. ಗೋಡೆಯ ಮೊಳೆಗಳನ್ನು ಕಿತ್ತು, ಸುಣ್ಣ ಮೆತ್ತಿ, ಬೀಗದ ಕೈಯನ್ನು ಒಪ್ಪಿಸಿ ರಸೀದಿ ಪಡೆದರು. ಮಗಳಿಗೆ ಆಗಲೇ ದೆಹಲಿಯಲ್ಲಿ ಕೆಲಸ ದೊರೆತಿದ್ದುದರಿಂದ ಅವಳು ಮಲ್ಲಿಗೆಯ ಕುಂಡದೊಡನೆ ಅಲ್ಲಿಯೇ ಉಳಿದಳು. ಗಂಡಹೆಂಡಿರು ಮೈಸೂರಿಗೆ ಬಂದು ಬಾಡಿಗೆಯ ಮನೆಯನ್ನು ಹಿಡಿದರು. ದೆಹಲಿಯಲ್ಲಿ ಇಪ್ಪತ್ತು ವರ್ಷ 'ಮೈಸೂರಿನವರು' ಎನಿಸಿಕೊಂಡಿದ್ದವರನ್ನು ಆ ಬೀದಿಯ ಜನ ಮೊದಲ ವಾರದಿಂದಲೇ 'ದೆಹಲಿಯವರು' ಎಂದು ಕರೆಯತೊಡಗಿದರು. ತರಕಾರಿಯವಳಿಗೆ ಅದು 'ದೆಹಲಿಯವರ ಮನೆ'. ಮೇಷ್ಟ್ರು ನಕ್ಕು, ಎರಡು ಷಷ್ಠಿಗಳಿಗೆ ಸೇರಿ ಯಾವುದಕ್ಕೂ ಸೇರದವರಾದೆವೆಂದು ಹೆಂಡತಿಗೆ ಹೇಳಿದರಂತೆ. ಆಕೆ ನಗಲಿಲ್ಲ.

ಪೂರ್ವ ಕಿದ್ವಾಯಿ ನಗರದ ಆ ಹಳೆಯ ಮನೆಗಳು ಈಗಿಲ್ಲ. 2010ರ ದಶಕದಲ್ಲಿ ಅವುಗಳನ್ನು ಕೆಡವಿ ಬಹುಮಹಡಿಯ ಕಟ್ಟಡಗಳನ್ನು ಎಬ್ಬಿಸಲಾಯಿತು. ಆ ಎತ್ತರದ ಕಟ್ಟಡಗಳ ನಡುವೆ ಲೋದಿ ಅರಸರ ಕಾಲದ ದರಿಯಾ ಖಾನನ ಗೋರಿ ಮಾತ್ರ ಹಾಗೆಯೇ ಉಳಿದಿದೆ. ಅದರ ಹೆಸರನ್ನು ಇಂಗ್ಲಿಷಿನಲ್ಲಿ ಕೊಕ್ಕೆಯೊಡನೆ ಬರೆಯುವುದು ವಾಡಿಕೆ. ಬದುಕಿದ್ದು ಸಂಸಾರ ನಡೆಸಿದ ಸಾವಿರಾರು ಮನೆಯವರಿಗೆ ದೊರೆಯದ ಚಿಹ್ನೆ ಐನೂರು ವರ್ಷಗಳ ಹಿಂದೆ ಸತ್ತವನಿಗೆ ದೊರೆತಿದೆ.

ಮೇಷ್ಟ್ರು ತೀರಿ ಹೋದ ಅನಂತರ ನೋಟುಪುಸ್ತಕ ಮಗಳ ಕೈ ಸೇರಿತು. ಮೊದಲೆರಡು ಅಂಕಣಗಳಲ್ಲಿ ಹೊಡೆದುಹಾಕಿದ, ಅತ್ತಿಂದಿತ್ತ ಬದಲಿಸಿದ ಶಬ್ದಗಳು ಹೇರಳವಾಗಿವೆ. ಶೀರ್ಷಿಕೆಯಿಲ್ಲದ ಮೂರನೆಯ ಅಂಕಣದಲ್ಲಿ ಇರುವುದು ಒಂದೇ ನಮೂದು: 'ನಮ್ಮ ಮನೆ'. ಅದರ ಮುಂದೆ 1983ರ ದಿನಾಂಕವೂ, ಬೇರೆ ಬೇರೆ ಶಾಯಿಗಳಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆಗಳೂ ಇವೆ. ಕೊನೆಯ ಚಿಹ್ನೆಯನ್ನು ಬರೆದಾಗ ಕೈ ನಡುಗಿರುವುದು ಕಾಣುತ್ತದೆ. ಮಗಳು ಅದನ್ನು ತಿದ್ದಲಿಲ್ಲ. ಪುಸ್ತಕದ ಹೊದಿಕೆಯ ಮೇಲೆ ಚೀಟಿಯೊಂದನ್ನು ಅಂಟಿಸಿ, ದುಂಡಾದ ಕನ್ನಡ ಅಕ್ಷರಗಳಲ್ಲಿ, 'ಅಪ್ಪನ ಪುಸ್ತಕ' ಎಂದು ಬರೆದಿಟ್ಟಳು.